ನಲವತ್ತು ಮಕ್ಕಳ ಇಂಗ್ಲಿಷ್ ಮಾತಿಗೆ ಅಂಕ
ಆರನೇ ತರಗತಿಯ ನಲವತ್ತು ಮಕ್ಕಳ ಇಂಗ್ಲಿಷ್ ಮಾತುಗಾರಿಕೆಗೆ ಒಂದೇ ಪೀರಿಯಡ್‌ನಲ್ಲಿ ಅಂಕ ಕೊಡುವುದು ಹೇಗೆಂದು ಕೇಳಿದ್ದೀರಿ. ಒಂದೇ ಪೀರಿಯಡ್‌ನಲ್ಲಿ ಕೊಡಲೇಬೇಡಿ, ಮೇಡಂ. ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಮಕ್ಕಳನ್ನು ಗಮನಿಸಿ ಮಾಡುವ ಮೌಲ್ಯಮಾಪನ, ಇರುವುದು ಸಾಲಾಗಿ ನಿಲ್ಲಿಸಿ ಬಾಯಿಪಾಠ ಒಪ್ಪಿಸಿಕೊಳ್ಳುವುದಕ್ಕಲ್ಲ.

ಮಕ್ಕಳನ್ನು ಜೋಡಿಯಾಗಿ ಕೂರಿಸಿ. ಇಬ್ಬರಿಗೂ ಒಂದೇ ತರಕಾರಿ ಪಟ್ಟಿ ಕೊಡಿ. ಆದರೆ ಟೊಮೆಟೊ, ಬದನೆಯ ಬೆಲೆ ಒಬ್ಬರ ಚೀಟಿಯಲ್ಲಿ, ಈರುಳ್ಳಿ, ಬೀನ್ಸ್‌ನದು ಇನ್ನೊಬ್ಬರದರಲ್ಲಿ ಇರಲಿ. ಚೀಟಿ ತೋರಿಸದೆ, ‘ಹೌ ಮಚ್ ಈಸ್ ದ ಆನಿಯನ್?’ ಎಂದು ಕೇಳಿಯೇ ಖಾಲಿ ಜಾಗ ತುಂಬಬೇಕು. ದಿನಕ್ಕೆ ನಾಲ್ಕು ಜೋಡಿಯ ಪಕ್ಕ ನಿಂತು ಆಲಿಸಿದರೆ ಐದು ದಿನದಲ್ಲಿ ತರಗತಿ ಮುಗಿಯುತ್ತದೆ. ಪ್ರಶ್ನೆ ಅರ್ಥವಾಯಿತೇ, ತಿಳಿಯದಿದ್ದಾಗ ಮತ್ತೆ ಕೇಳಿದರೇ, ಇಷ್ಟನ್ನೇ ಗುರುತು ಹಾಕಿಕೊಳ್ಳಿ. ನಡುವೆ ವ್ಯಾಕರಣ ತಿದ್ದಿದರೆ ಮಕ್ಕಳ ಬಾಯಿಗೆ ಬೀಗ ಬೀಳುತ್ತದೆ. ಗದ್ದಲಕ್ಕೆ ಪಕ್ಕದ ತರಗತಿಯವರು ಗೊಣಗಬಹುದು, ಗೊಣಗಲಿ. ತುಂಬಿದ ಚೀಟಿಗಳನ್ನು ಕೃತಿಸಂಪುಟಕ್ಕೆ, ಅಂದರೆ ಮಗುವಿನ ಕೆಲಸಗಳನ್ನು ಕೂಡಿಡುವ ಕಡತಕ್ಕೆ, ಸೇರಿಸಿಬಿಡಿ.