ಓಡದ ಕಾರಿಗೂ ವಯಸ್ಸಾಗುತ್ತದೆ

ಪ್ರಶ್ನೆ: ಬಿಎಂಡಬ್ಲ್ಯು ಎಂ5 ಕೊಳ್ಳಬೇಕೆಂಬ ಆಸೆ ಬಹಳ ವರ್ಷಗಳದ್ದು. ಈಗ ಇ39 ಮಾಡೆಲ್‌ನ ಎರಡು ಕಾರು ಸಿಕ್ಕಿವೆ, ಎರಡೂ 2001ರವು. ಒಂದು ಬರೀ 46,000 ಕಿ.ಮೀ. ಓಡಿದೆ, ಹೆಚ್ಚು ಕಾಲ ಶೆಡ್ಡಿನಲ್ಲೇ ಇತ್ತಂತೆ, ಥಳಥಳ ಹೊಳೆಯುತ್ತಿದೆ. ಇನ್ನೊಂದು 1,60,000 ಓಡಿದೆ. ಡ್ರೈವರ್ ಸೀಟಿನ ಚರ್ಮ ಬಿರಿದಿದೆ, ಆದರೆ ಬಿಲ್ಲುಗಳ ದಪ್ಪ ಫೈಲ್ ಇದೆ. ಬೆಲೆ ಜಾಸ್ತಿಯಾದರೂ ಮೊದಲನೆಯದೇ ವಾಸಿ ಅನ್ನಿಸುತ್ತಿದೆ. ಸರಿಯೇ?

ಉತ್ತರ: ಎರಡನೆಯದನ್ನು ತೆಗೆದುಕೊಳ್ಳಿ. ಕಾರಣ ಹೇಳುತ್ತೇನೆ, ಏಕೆಂದರೆ ಮೀಟರ್ ನೋಡಿ ಮರುಳಾದವರಲ್ಲಿ ನಾನೂ ಒಬ್ಬ.

ನಾನು ಇದೇ ಮಾಡೆಲ್ ತಂದಾಗ ಮೀಟರ್ 52,000 ತೋರಿಸುತ್ತಿತ್ತು. ಮೂರನೇ ವಾರ ಸಿಗ್ನಲ್‌ನಲ್ಲಿ ನಿಂತಿದ್ದೆ, ಬಾನೆಟ್ ಸಂದಿಯಿಂದ ಬಿಳಿ ಹಬೆ ಎದ್ದಿತು. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ತುಂಬುವ ಪ್ಲಾಸ್ಟಿಕ್ ಟ್ಯಾಂಕ್ ಹೊಲಿಗೆ ಬಿಟ್ಟಂತೆ ಉದ್ದಕ್ಕೆ ಸೀಳಿತ್ತು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹೋಸ್ ಎಳೆದರೆ ರೇಡಿಯೇಟರಿನ ಕುತ್ತಿಗೆಯೂ ಅದರ ಜೊತೆಗೇ ಕೈಗೆ ಬಂತು. ಕಪ್ಪಾಗಿರಬೇಕಿದ್ದ ಪ್ಲಾಸ್ಟಿಕ್ ಒಳಗೆ ಕಂದು ಬಣ್ಣಕ್ಕೆ ತಿರುಗಿತ್ತು, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಹಳೆಯ ಮಾಲೀಕರು ಮೋಸ ಮಾಡಿರಲಿಲ್ಲ. ಕಾರು ನಿಜಕ್ಕೂ ಅಷ್ಟೇ ಓಡಿತ್ತು. ಅದೇ ತೊಂದರೆ: ಓಡದ ಕಾರಿನಲ್ಲಿ ಏನೂ ಬದಲಾಯಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಸುಮ್ಮನೆ ನಿಂತ ಕಾರಿನಲ್ಲೂ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಲೇ ಇರುತ್ತದೆ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಆಯಿಲ್ ಸೀಲ್ ಒಣಗುತ್ತದೆ, ಮುಂದಿನ ಚಕ್ರಗಳನ್ನು ಹಿಡಿದಿಡುವ ಆರ್ಮ್‌ಗಳ ರಬ್ಬರ್ ಬುಷ್ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ಬಗ್ಗಿ ಓದಿ. 3209 ಎಂದಿದ್ದರೆ 2009ನೇ ಇಸವಿಯ 32ನೇ ವಾರದ್ದು. ಟೈರಿನ ಮೇಲ್ಮೈಯ ಕಚ್ಚು ಎಷ್ಟೇ ಆಳವಿದ್ದರೂ 400 ಅಶ್ವಶಕ್ತಿಯ ಕಾರಿಗೆ ಆ ಟೈರು ಬೇಡ.

ಇನ್ನು ಆ ಫೈಲ್. ವಾಟರ್ ಪಂಪ್, ರೇಡಿಯೇಟರ್, ಕ್ಲಚ್, ಬುಷ್‌ಗಳು ಯಾವಾಗ ಬದಲಾದವು ನೋಡಿ. ವ್ಯಾನೋಸ್, ಅಂದರೆ ಎಂಜಿನ್ ವಾಲ್ವ್‌ಗಳು ತೆರೆಯುವ ಹೊತ್ತನ್ನು ಹೊಂದಿಸುವ ಭಾಗದ ಕೆಲಸದ ಬಿಲ್ ಇದ್ದರಂತೂ ಇನ್ನೂ ಒಳ್ಳೆಯದು. ಬಿರಿದ ಸೀಟು ಚರ್ಮದ ಕೆಲಸದವರ ಪಾಲು, ಅದಕ್ಕೆ ನಿದ್ದೆಗೆಡಬೇಡಿ.

ಕೊಳ್ಳುವ ದಿನವೇ ಕೈಯಲ್ಲಿರುವುದನ್ನೆಲ್ಲ ಸುರಿಯಬೇಡಿ. ಇಳಿದಿರುವುದು ಕಾರಿನ ಬೆಲೆ, ಬಿಡಿಭಾಗಗಳದ್ದಲ್ಲ. ಆ ಕಾಲದ ಅತಿ ದುಬಾರಿ ಸೆಡಾನ್‌ಗಳ ಸಾಲಿನ ಗಾಡಿ ಇದು, ಭಾಗಗಳು ಈಗಲೂ ಅದೇ ಗತ್ತಿನಲ್ಲಿವೆ.

ಪ್ರಶ್ನೆ: ನನ್ನ ಬಳಿಯೂ ಅದೇ ಎಂ5 ಇದೆ. ಟೆಂಪರೇಚರ್ ಮುಳ್ಳು ಯಾವಾಗಲೂ ನಟ್ಟನಡುವೆ ಇರುವುದರಿಂದ ಕೂಲಿಂಗ್ ಬಗ್ಗೆ ಚಿಂತೆಯಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬರುತ್ತದೆ. 10ಡಬ್ಲ್ಯು-60 ಆಯಿಲ್ ತೀರಾ ಗಟ್ಟಿ, 5ಡಬ್ಲ್ಯು-30 ಹಾಕು, ಪುಸ್ತಕದಲ್ಲೇ ಹಾಗಿದೆ ಎನ್ನುತ್ತಾನೆ ಗೆಳೆಯ.

ಉತ್ತರ: ಮೊದಲು ಆ ಮುಳ್ಳಿನ ವಿಷಯ. ಹಬೆ ಎದ್ದ ದಿನವೂ ನನ್ನ ಮುಳ್ಳು ನಟ್ಟನಡುವೆಯೇ ಕೂತಿತ್ತು! ಕೂಲೆಂಟ್ 80 ಡಿಗ್ರಿ ಇದ್ದರೂ 105 ಇದ್ದರೂ ಮುಳ್ಳು ಅಲ್ಲಾಡದಂತೆ ಕಂಪನಿಯವರೇ ಮಾಡಿದ್ದಾರೆ. ಅದು ಬಲಕ್ಕೆ ವಾಲುವ ಹೊತ್ತಿಗೆ ಅನಾಹುತ ಆಗಿರುತ್ತದೆ. ನಿಜವಾದ ಡಿಗ್ರಿ ಬೇಕಿದ್ದರೆ ಟ್ರಿಪ್ ಬಟನ್ ಒತ್ತಿ ಹಿಡಿದು ಮೀಟರಿನ ಗುಪ್ತ ಮೆನು ತೆರೆಯಿರಿ. ಏಳನೇ ಟೆಸ್ಟ್‌ನಲ್ಲಿ ಅದು ಕಾಣುತ್ತದೆ. ಮೆನುವಿಗೆ ಬೀಗವಿದೆ: ಷಾಸಿ ನಂಬರಿನ ಕೊನೆಯ ಐದು ಅಂಕಿಗಳನ್ನು ಕೂಡಿದರೆ ಬರುವ ಮೊತ್ತವೇ ಕೀಲಿ.

ಗೆಳೆಯರು ಓದಿರುವುದು ಮೊದಮೊದಲ ಕಾರುಗಳ ಪುಸ್ತಕ ಇರಬೇಕು. ಆಗ 5ಡಬ್ಲ್ಯು-30 ಎಂದೇ ಇತ್ತು, ಆಮೇಲೆ ಕಂಪನಿಯೇ 10ಡಬ್ಲ್ಯು-60ಕ್ಕೆ ಬದಲಿಸಿತು. ನೀವು ಬದಲಿಸಬೇಡಿ. ಗಟ್ಟಿ ಆಯಿಲ್ ಕಾಯಲು ಹೊತ್ತು ಬೇಕು, ಅಷ್ಟೇ. ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಕಿತ್ತಳೆ ದೀಪಗಳು ಹತ್ತಿರುತ್ತವಲ್ಲ, ಆಯಿಲ್ ಕಾದಂತೆ ಅವು ಒಂದೊಂದಾಗಿ ಆರುತ್ತವೆ. ಅವು ಆರುವವರೆಗೆ ಎಂಜಿನ್ ಕಿರುಚಿಸಬೇಡಿ. ಕೂಲೆಂಟ್ ಬೇಗ ಕಾಯುತ್ತದೆ, ಆಯಿಲ್ ನಿಧಾನ.

ಎರಡು ಸೆಕೆಂಡಿನ ಕಟಕಟ ಬಹುಮಟ್ಟಿಗೆ ವ್ಯಾನೋಸ್‌ನದ್ದು. ಆಯಿಲ್ ಒತ್ತಡ ಏರುತ್ತಿದ್ದಂತೆ ನಿಂತುಹೋದರೆ ಗಮನವಿಟ್ಟು ಓಡಿಸಿ. ಎಂಜಿನ್ ಬಿಸಿಯಾದ ಮೇಲೂ ಉಳಿದರೆ ಟೈಮಿಂಗ್ ಚೈನನ್ನು ಹಳಿಯಲ್ಲಿಡುವ ಪ್ಲಾಸ್ಟಿಕ್ ಗೈಡ್ ಮೇಲೆ ಅನುಮಾನ ಪಡಬೇಕು. ಮುಂದಿನ ಆಯಿಲ್ ಸರ್ವಿಸ್‌ನಲ್ಲಿ ಹಳೇ ಫಿಲ್ಟರನ್ನು ಎಸೆಯಲು ಬಿಡಬೇಡಿ. ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿಯಿರಿ. ಪ್ಲಾಸ್ಟಿಕ್ ಚೂರು ಕಂಡರೆ ಕಾರನ್ನು ಅಲ್ಲೇ ಬಿಟ್ಟು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿಸಿ. ಆ ಚೂರುಗಳು ಆಯಿಲ್ ಪಂಪಿನ ಬಾಯಿ ಮುಚ್ಚಿದರೆ ಎಂಜಿನ್ನೇ ಹೋಗುತ್ತದೆ.

ಪ್ರಶ್ನೆ: ಇಂಥ ಕಾರನ್ನೇ ಮನೆಯ ಏಕೈಕ ಕಾರಾಗಿ ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಒಂದೇ ಒಂದು ಹೋಸ್ ಬರಲಿಲ್ಲವೆಂದು ನನ್ನದು ಹತ್ತೊಂಬತ್ತು ದಿನ ಸ್ಟ್ಯಾಂಡ್ ಮೇಲೆ ನಿಂತಿತ್ತು. ಅಷ್ಟೂ ದಿನ ಬಸ್ಸಿಗೆ ಹೋದೆ.