ಭಾರ ಸೊಂಟದ ಮೇಲಿರಲಿ

ಪ್ರಶ್ನೆ: ಎರಡು ದಿನದ ಚಾರಣಕ್ಕೆ 50 ಲೀಟರ್ ಬ್ಯಾಗ್ ಕೊಂಡಿದ್ದೇನೆ. ಸ್ವಲ್ಪ ದೂರ ನಡೆದರೆ ಭುಜ ನೋಯುತ್ತದೆ, ಬ್ಯಾಗ್ ಹಿಂದಕ್ಕೆ ಜಗ್ಗುತ್ತದೆ. ಏಕೆ?

ಉತ್ತರ: ಲೀಟರ್ ಲೆಕ್ಕಕ್ಕಿಂತ ಬೆನ್ನಿನ ಅಳತೆ ಮುಖ್ಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿಯಿರಿ. ಬ್ಯಾಗಿನ ಸೈಜ್ ಇದಕ್ಕೆ ಹೊಂದಲೇಬೇಕು. ಹೊರುವಾಗ ಪಟ್ಟಿಗಳನ್ನೆಲ್ಲ ಸಡಿಲಿಸಿ, ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಮೊದಲು ಬಿಗಿಯಿರಿ. ಭುಜದ ಪಟ್ಟಿಯ ಸರದಿ ಆಮೇಲೆ. ಹೆಚ್ಚಿನವರು ಇದನ್ನೇ ತಿರುವುಮುರುವು ಮಾಡುತ್ತಾರೆ, ಭುಜ ಸೋಲುತ್ತದೆ.

ಹಿಂದಕ್ಕೆ ಜಗ್ಗುವುದು ಭಾರ ಬೆನ್ನಿನಿಂದ ದೂರವಿರುವುದರಿಂದ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ ಹಾಕಿ. ನೀರು, ಆಹಾರ, ಸ್ಟೌವ್ ನಡುಭಾಗದಲ್ಲಿ ಬೆನ್ನಿಗೆ ಒತ್ತಿರಲಿ; ಸುತ್ತಲ ಸಂದಿಗಳಿಗೆ ಬಟ್ಟೆ ತುರುಕಿ, ಅಲುಗಾಡಬಾರದು. ರೇನ್‌ಕೋಟ್ ಮಾತ್ರ ಎಲ್ಲಕ್ಕಿಂತ ಮೇಲೆ.