ಆಂಕಿಯಲ್ಲಿ (ಪ್ರಶ್ನೋತ್ತರದ ಕಾರ್ಡ್‌ಗಳನ್ನು ಅಂತರ ಬಿಟ್ಟು ಮತ್ತೆ ಮತ್ತೆ ಕೇಳುವ ಆ್ಯಪ್) 600 ಕಾರ್ಡ್ ಬಾಕಿ ಬಿದ್ದಿವೆ, ಜರ್ಮನ್ ಪದ ಕಲಿಯಲು ಈ ವಿಧಾನವನ್ನೇ ಬಿಟ್ಟುಬಿಡಲೇ?

ಬಿಡಬೇಡಿ. ಹೊಸ ಕಾರ್ಡ್‌ಗಳನ್ನು ಮಾತ್ರ ಇಂದೇ ನಿಲ್ಲಿಸಿ.

ಜರ್ಮನ್‌ನ ಎರಡನೇ ಹಂತವಾದ ಎ2 ಪರೀಕ್ಷೆಗೆಂದು ಸಿದ್ಧ ಡೆಕ್ (ಕಾರ್ಡ್‌ಗಳ ಕಟ್ಟು) ಒಂದನ್ನು ಇಳಿಸಿಕೊಂಡು, ಕೆಲಸದ ನಡುವೆ ದಿನಕ್ಕೆ 20 ಹೊಸ ಪದ ಕಲಿಯುತ್ತಿದ್ದೀರಿ ಎಂದು ಬರೆದಿದ್ದೀರಿ. ಈ ಬಾಕಿ ಸೋಮಾರಿತನದ ಫಲವಲ್ಲ, ಬರೀ ಲೆಕ್ಕದ ಫಲ. 20 ಎಂಬುದು ಆಂಕಿ ತಾನಾಗಿಯೇ ಇಟ್ಟುಕೊಡುವ ಮಿತಿ. ಇಂದು ಕಲಿತ ಪದ ನಾಳೆ ಬರುತ್ತದೆ, ಮೂರ್ನಾಲ್ಕು ದಿನ ಬಿಟ್ಟು ಬರುತ್ತದೆ, ಮತ್ತೆ ವಾರ ಬಿಟ್ಟು ಬರುತ್ತದೆ. ಪ್ರತಿದಿನವೂ 20 ಸೇರುತ್ತಾ ಹೋದರೆ ಕೆಲವೇ ವಾರಗಳಲ್ಲಿ ದಿನವೊಂದಕ್ಕೆ ಸುಮಾರು 200 ಕಾರ್ಡ್ ಎದುರು ನಿಲ್ಲುತ್ತವೆ. ಕಚೇರಿಯಿಂದ ದಣಿದು ಬಂದವರಿಗೆ ಅದು ಆಗದ ಮಾತು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ಅದರ ಮುಂದಿನ ಹಂತವಾದ ಬಿ1 ಮುಗಿಸಿದ್ದು ದಿನಕ್ಕೆ ಏಳೆಂಟು ಹೊಸ ಪದಗಳಲ್ಲಿ. ಪುನರಾವರ್ತನೆಗೆ ದಿನಕ್ಕೆ 80ರ ಮಿತಿ ಹಾಕಿಕೊಳ್ಳಿ. ಹೊಸದು ಸೇರದಿದ್ದರೆ ಬಾಕಿ ತಾನಾಗಿ ಕರಗುತ್ತದೆ.

ಇನ್ನು ಕಾರ್ಡಿನ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸಿದ್ಧ ಡೆಕ್‌ನಲ್ಲಿ ಮುಂದೆ 'ವಾರ್ಟೆನ್', ಹಿಂದೆ 'ಕಾಯುವುದು' ಎಂದಷ್ಟೇ ಇರುತ್ತದೆ. ಅದನ್ನು ನೂರು ಸಲ ಸರಿಯಾಗಿ ಹೇಳಿದರೂ 'ಬಸ್ಸಿಗಾಗಿ ಕಾಯುತ್ತಿದ್ದೇನೆ' ಎನ್ನಲು ಹೊರಟಾಗ ನಾಲಿಗೆ ತಡವರಿಸುತ್ತದೆ. ನಮ್ಮ 'ಗಾಗಿ'ಗೆ 'ಫ್ಯೂರ್' ಎಂದು ಕಲಿತಿರುತ್ತೇವೆ. ವಾರ್ಟೆನ್ ಕೇಳುವುದೋ 'ಔಫ್' ಅನ್ನು, ಅದರ ಜೊತೆಗೆ ದ್ವಿತೀಯಾ ವಿಭಕ್ತಿಯನ್ನು. ಹಾಗಾಗಿ ನನ್ನ ಕಾರ್ಡಿನ ಮುಂಭಾಗದಲ್ಲಿ 'ಇಷ್ ವಾರ್ಟೆ … ಡೆನ್ ಬುಸ್' ಎಂದಿರುತ್ತದೆ. ಬಿಟ್ಟ ಸ್ಥಳವನ್ನು ನಾನು ತುಂಬಬೇಕು. ಪಾಠದಲ್ಲೋ ತರಗತಿಯಲ್ಲೋ ನನಗೇ ಎದುರಾದ ವಾಕ್ಯಗಳು ಇವು. ಕಾರ್ಡ್ ಬರೆಯುವ ಶ್ರಮವೇ ಅರ್ಧ ಕಲಿಕೆ.

ನಾಮಪದವನ್ನಂತೂ ಅದರ ಲಿಂಗ ತೋರಿಸುವ ಡೆರ್, ಡೀ, ಡಾಸ್ ಇಲ್ಲದೆ ಎಂದೂ ಬರೆಯಬೇಡಿ. ಕನ್ನಡದಲ್ಲಿ ಮೇಜೂ ದೀಪವೂ ನಪುಂಸಕ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ. 'ಷೆನ್' ಎಂದು ಮುಗಿಯುವ ಪದಗಳು ನಪುಂಸಕ ಎಂಬಂಥ ಕೆಲವು ನಿಯಮಗಳನ್ನು ಬಿಟ್ಟರೆ ಊಹೆಗೆ ದಾರಿಯೇ ಇಲ್ಲ, ನೆನಪೇ ಗತಿ. ಬಹುವಚನವೂ ಅದೇ ಕಾರ್ಡಿನ ಹಿಂಬದಿಯಲ್ಲಿರಲಿ.

ಬಾಯಿಪಾಠದಿಂದ ಭಾಷೆ ಬರುವುದಿಲ್ಲ ಎಂದು ಮೂಗು ಮುರಿಯುವವರು ನಿಮಗೂ ಸಿಕ್ಕಿರಬಹುದು. ಓದಿದ್ದನ್ನೇ ಓದುವುದು ಬೇರೆ, ನೆನಪಿನಿಂದ ಹೊರತೆಗೆಯುವುದು ಬೇರೆ. 2008ರಲ್ಲಿ ಕಾರ್ಪಿಕಿ ಮತ್ತು ರೋಡಿಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಕಲಿಸಿ ನೋಡಿದರು. ಕಲಿತ ಮೇಲೂ ಪದಗಳನ್ನು ನೆನಪಿಸಿಕೊಂಡು ಹೇಳುತ್ತಲೇ ಇದ್ದವರಿಗೆ ವಾರದ ನಂತರ ಸುಮಾರು ಶೇ 80ರಷ್ಟು ನೆನಪಿದ್ದವು. ಬರೀ ಓದುತ್ತ ಹೋದವರಿಗೆ ಮೂರನೇ ಒಂದು ಭಾಗದಷ್ಟು. ಆದ್ದರಿಂದ ಕಾರ್ಡ್ ತಿರುಗಿಸುವ ಮುನ್ನ ಉತ್ತರ ಬಾಯಿಂದ ಗಟ್ಟಿಯಾಗಿ ಬರಲಿ. ಮಾತಿನ ಪರೀಕ್ಷೆಗೂ ಅದೇ ಅಭ್ಯಾಸವಾಗುತ್ತದೆ.

ಉತ್ತರ ನೋಡಿದ ಮೇಲೆ ಒತ್ತುವ ಗುಂಡಿಗಳ ಬಗ್ಗೆ ಒಂದು ಮಾತು. ಮರೆತಿದ್ದರೆ 'ಅಗೇನ್' ಒತ್ತಿ. ಮರೆತಾಗ 'ಹಾರ್ಡ್' ಒತ್ತುವವರು ಬಹಳ. ಅದು ಕಷ್ಟಪಟ್ಟು ನೆನಪಾದಾಗ ಒತ್ತಬೇಕಾದ ಗುಂಡಿ. ಆಂಕಿ ಅದನ್ನು ಸರಿಯುತ್ತರವೆಂದೇ ಎಣಿಸಿ ಅಂತರ ಹಿಗ್ಗಿಸುತ್ತದೆ.

ಎಷ್ಟು ಸಲ ಬಂದರೂ ನಿಲ್ಲದ ಕೆಲವು ಪದಗಳಿರುತ್ತವೆ. ಎಂಟು ಸಲ ಮರೆತರೆ ಆಂಕಿಯೇ ಅಂಥ ಕಾರ್ಡಿಗೆ ಗುರುತು ಹಾಕುತ್ತದೆ, ಅದನ್ನು ಬದಿಗಿಡಿ. ಹೆಚ್ಚಾಗಿ ಅವು ಒಂದನ್ನೊಂದು ಹೋಲುವ ಜೋಡಿಗಳು: ಅರ್ಥ ಮಾಡಿಕೊಳ್ಳುವ 'ಫೆರ್‌ಷ್ಟೇಹೆನ್', ಉಂಟಾಗುವ 'ಎಂಟ್‌ಷ್ಟೇಹೆನ್'. ಜೋಡಿಯಲ್ಲಿ ಒಂದನ್ನು ತೆಗೆದಿಟ್ಟು, ಇನ್ನೊಂದು ಗಟ್ಟಿಯಾದ ಮೇಲೆ ಹೊಸ ವಾಕ್ಯದೊಂದಿಗೆ ಮರಳಿ ತನ್ನಿ. ಎ2ಗೆ ಮೊದಲನೆಯದು ಸಾಕು.